ಅಳೆಯದೆ ಬಿಟ್ಟ ಕೋಣೆ

"ಗುರುಗಳೇ, ಮೃತ್ಯುಂಜಯನೂ ನಾನೂ ಒಂದೇ ವರ್ಷ ಮಠಕ್ಕೆ ಬಂದವರು, ಒಂದೇ ವಯಸ್ಸಿನವರು. ನಾನು ದಿನಕ್ಕೆ ಇಪ್ಪತ್ತು ಕೊಡ ನೀರು ಹೊರುತ್ತೇನೆ. ಅವನು ಕುಳಿತಲ್ಲೇ ದೀಪದ ಬತ್ತಿ ಹೊಸೆಯುತ್ತಾನೆ. ಇದು ಯಾವ ನ್ಯಾಯ?" ಎಂದು ಅಡವೆಪ್ಪ ಕೇಳಿದ.

"ನ್ಯಾಯ ಕೇಳಲು ಬಂದೆಯಾ? ಹಾಗಾದರೆ ಕೊಡ ಇಳಿಸಿ ಕೂತುಕೋ," ಎಂದು ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಮನೆಗಂದಾಯದ ಕಚೇರಿ ಇತ್ತು. ಐದು ವರ್ಷಕ್ಕೊಮ್ಮೆ ಅಲ್ಲಿಂದ ಅಧಿಕಾರಿ ಬಂದು ಟೇಪು ಹಿಡಿದು ಮನೆಗಳನ್ನು ಅಳೆಯುತ್ತಿದ್ದ. ಅಳತೆಗೆ ತಕ್ಕ ಬೆಲೆ, ಬೆಲೆಗೆ ತಕ್ಕ ಕಂದಾಯ. ಒಪ್ಪದವರು ಆಯಾ ವರ್ಷದ ನೋಟೀಸು ಬಂದ ಮೂವತ್ತು ದಿನದೊಳಗೆ ತಕರಾರು ಅರ್ಜಿ ಕೊಡಬಹುದಿತ್ತು. ಆದರೆ ನನಗೆ ಹೆಚ್ಚಾಯಿತು ಎಂದರೆ ಸಾಲದು. ಯಾರಿಗೆ ತಾನೇ ಕಡಿಮೆ ಅನ್ನಿಸುತ್ತದೆ? ಅಂಥದೇ ಇನ್ನೊಂದು ಮನೆಗೆ ಕಡಿಮೆ ಬೆಲೆ ಕಟ್ಟಿದ್ದನ್ನು ತೋರಿಸಬೇಕು. ಅದು ಕಚೇರಿಯ ಕ್ರಮ.

ಆ ಊರಿನಲ್ಲಿ ಒಬ್ಬ ಬಳೆಗಾರ. ಅವನ ಗೋಡೆಗೆ ಹತ್ತಿಕೊಂಡೇ ಕೌದಿ ಹೊಲಿಯುವ ಮುದುಕಿಯ ಮನೆ. ಎರಡನ್ನೂ ಒಬ್ಬನೇ ಗೌಂಡಿ ಕಟ್ಟಿದ್ದ. ಮೂರು ಮೂರು ಕೋಣೆ. ಬಳೆಗಾರನಿಗೆ ಕಂದಾಯ ಕಟ್ಟುವುದು ಕಷ್ಟವೇನೂ ಆಗಿರಲಿಲ್ಲ. ಒಂದು ದಿನ ಓದು ಬಾರದ ಮುದುಕಿ ತನ್ನ ನೋಟೀಸನ್ನು ಅವನಿಂದಲೇ ಓದಿಸಿಕೊಂಡಳು. ಅದರಲ್ಲಿ ಎರಡೇ ಕೋಣೆಯ ಲೆಕ್ಕವಿತ್ತು, ಕಂದಾಯವೂ ಕಡಿಮೆ. ಅಂದು ಅವನಿಗೆ ಊಟ ಸೇರಲಿಲ್ಲ. ಮರುದಿನ ಕಚೇರಿಗೆ ಹೋದ.

"ಸಾಹೇಬ್ರ, ಆಕೀದೂ ನಂದೂ ಒಂದ ಅಳತಿ ಮನಿ. ಆಕೀಗ್ಯಾಕ ಕಡಿಮಿ?"

"ಬರ್ದು ಕೊಡ್ರಿ. ಬಂದು ನೋಡ್ತೀನಿ," ಎಂದ ಅಧಿಕಾರಿ.

ಅಧಿಕಾರಿ ಕೆಟ್ಟವನಲ್ಲ, ಲಂಚ ಮುಟ್ಟದವನು. ಹೇಳಿದ ದಿನವೇ ಮುದುಕಿಯ ಮನೆಗೆ ಬಂದ. ಟೇಪಿನ ಇನ್ನೊಂದು ತುದಿ ಹಿಡಿಯಲು ಅವನ ಜೊತೆ ಯಾರೂ ಇರಲಿಲ್ಲ. ಬಳೆಗಾರನೇ ಹಿಡಿದ. ಎರಡು ಕೋಣೆ ಅಳೆದು ಮೂರನೆಯದಕ್ಕೆ ಹೋದರು. ಅಲ್ಲಿ ಮುದುಕಿಯ ಮಗಳು ಹನ್ನೊಂದು ವರ್ಷದಿಂದ ಹಾಸಿಗೆ ಹಿಡಿದು ಮಲಗಿದ್ದಳು. ಹಿಂದಿನ ಸಲ ಬಂದಿದ್ದ ಇನ್ನೊಬ್ಬ ಅಧಿಕಾರಿ ಆ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, ಒಳಗೆ ಕಾಲಿಡದೆ, ಆ ಕೋಣೆಯನ್ನು ಬರೆದುಕೊಳ್ಳದೆ ಹೋಗಿಬಿಟ್ಟಿದ್ದ. ಮಗಳ ವಿಷಯ ಬಳೆಗಾರನಿಗೆ ಗೊತ್ತಿತ್ತು. ಕೋಣೆ ಬಿಟ್ಟುಹೋದದ್ದು ಅವಳಿಂದ ಎಂಬುದು ಮಾತ್ರ ಹೊಳೆದಿರಲಿಲ್ಲ. ಈಗ ಹೊಳೆಯಿತು.

ಟೇಪು ಗೋಡೆ ಮುಟ್ಟಬೇಕಲ್ಲ, ಮಂಚ ಸರಿಸಿದರು. ಅವಳು ನರಳಿದಳು. ಬಳೆಗಾರ ಹಿಡಿದ ತುದಿಯನ್ನು ಬಿಡಲಿಲ್ಲ.

ಆದೇಶ ಬಂತು. ಎರಡು ಮನೆಗೂ ಒಂದೇ ಬೆಲೆ. ಬಳೆಗಾರನದು ಇಳಿಯಲಿಲ್ಲ, ಮುದುಕಿಯದು ಏರಿತು. ಬಿಟ್ಟುಹೋದ ವರ್ಷಗಳದ್ದೂ ಸೇರಿತು. ಕೌದಿ ಹೊಲಿದು ಅಷ್ಟು ಕಟ್ಟಲಾದೀತೇ? ಅವಳು ಮನೆ ಮಾರಿದಳು. ಮಗಳನ್ನು ಗಾಡಿಯಲ್ಲಿ ಮಲಗಿಸಿಕೊಂಡು ಹೋದಳು. ಅರ್ಜಿ ಬರೆದದ್ದು ಯಾರೆಂದು ಅವಳಿಗೆ ತಿಳಿಯಲೇ ಇಲ್ಲ. ಹೋಗುವಾಗ ಬಳೆಗಾರನ ಹೆಂಡತಿಗೆ ಒಂದು ಕೌದಿ ಕೊಟ್ಟಳು. ಅದನ್ನು ಆ ಮನೆಯಲ್ಲಿ ಯಾರೂ ಹೊದೆಯಲಿಲ್ಲ.

ಮನೆ ಕೊಂಡ ವ್ಯಾಪಾರಿ ಅದನ್ನು ಕೆಡವಿ ಎರಡಂತಸ್ತು ಕಟ್ಟಿಸಿದ. ಮತ್ತೆ ಅಳತೆಯ ವರ್ಷ ಬಂತು. ಪಕ್ಕದಲ್ಲಿ ಅಂಥ ಮನೆ ಎದ್ದಮೇಲೆ ಬೀದಿಯ ಬೆಲೆಯೇ ಏರಿದೆ ಎಂದು ಬಳೆಗಾರನ ಕಂದಾಯ ಮೂರು ಪಟ್ಟಾಯಿತು. ಈ ಸಲ ಅವನಿಗೆ ನಿಜಕ್ಕೂ ಕಟ್ಟಲಾಗುತ್ತಿರಲಿಲ್ಲ. ಕಚೇರಿಗೆ ಓಡಿದ. ಅದೇ ಅಧಿಕಾರಿ, ಅದೇ ಮರ್ಯಾದೆಯ ಮಾತು.

"ನಿಮ್ಮನಿ ಅಂಥಾದ್ದ ಇನ್ನೊಂದು ಮನಿ ತೋರ್ಸ್ರಿ. ನೋಡೂಣು."

ಆ ಬೀದಿಯಲ್ಲಿ ಅಂಥ ಮನೆ ಇನ್ನೊಂದು ಇದ್ದದ್ದು ಮುದುಕಿಯದೇ.

ಗುರುಗಳು ಕತೆ ನಿಲ್ಲಿಸಿದರು. ಜಗಲಿಯ ಮೇಲೆ ಮೃತ್ಯುಂಜಯ ಬತ್ತಿ ಹೊಸೆಯುತ್ತಿದ್ದ. ನಡುನಡುವೆ ಕೆಲಸ ಬಿಟ್ಟು, ಕಂಬಕ್ಕೆ ಒರಗಿ, ಉಸಿರು ಎಳೆದುಕೊಳ್ಳುತ್ತಿದ್ದ.

"ಅವನನ್ನು ಕರೆಯುತ್ತೇನೆ ಅಡವೆಪ್ಪ, ಅಳೆದೇಬಿಡೋಣ. ಟೇಪಿನ ಆ ತುದಿ ನೀನು ಹಿಡಿದುಕೋ."