ಪುಟ್ಟತಾಯಿಯ ವೇಷ

ಹೊಳೆದಂಡೆಯ ಆಶ್ರಮದಲ್ಲಿ ಚಿದಂಬರನೆಂಬ ಶಿಷ್ಯನಿದ್ದ. ಮಂದಿಯ ಬಗ್ಗೆ ಆಡಿಕೊಳ್ಳುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ.

"ಗುರುಗಳೇ, ಪುಟ್ಟತಾಯಿಯ ಆ ಹಳೆಯ ಪ್ರಹಸನ ಆಡಿಸ್ತೀನಿ. ಅಪ್ಪಣೆ ಕೊಡಿ."

"ಆಡಿಸಿ ಏನು ಮಾಡ್ತೀಯಪ್ಪ?"

"ಬಾಯಿಬಡುಕರಿಗೆಲ್ಲ ಬುದ್ಧಿ ಕಲಿಸ್ತೀನಿ."

ಗುರುಗಳು ಬೇಡವೆನ್ನಲಿಲ್ಲ.

ಪ್ರಹಸನದಲ್ಲಿ ಪುಟ್ಟತಾಯಿ ಎಂಬ ಹೆಂಗಸು. ಬಾಯಲ್ಲಿ ದೇವರ ನಾಮ, ಕಿವಿ ಪಕ್ಕದ ಮನೆಯ ಗೋಡೆಗೆ. ಆ ವೇಷ ಚಿದಂಬರನೇ ಹಾಕಿದ. ಹಳೆಯ ಮಾತುಗಳು ಸಪ್ಪೆಯೆನಿಸಿ, ಆಶ್ರಮದ ಅಡುಗೆಮನೆಯಲ್ಲಿ ಓಡಾಡುತ್ತಿದ್ದ ಮಾತೊಂದನ್ನು ಸೇರಿಸಿಕೊಂಡ.

"ದಿನಾ ಸಂಜೆ ಸೆರಗಲ್ಲಿ ಅನ್ನ ಮುಚ್ಚಿಕೊಂಡು ಹೊಳೆ ಕಡೆ ಹೋಗ್ತಾಳಂತೆ. ಯಾರ ಹೊಟ್ಟೆಗೋ, ನನಗೇನು ಗೊತ್ತಮ್ಮ. ಶಿವ ಶಿವ."

ಆಟದ ರಾತ್ರಿ ಈ ಮಾತಿಗೆ ಜನ ಬಿದ್ದು ಬಿದ್ದು ನಕ್ಕರು. ನಗುತ್ತಲೇ ಪಾತ್ರೆ ತೊಳೆಯುವ ಸಾತಮ್ಮನ ಕಡೆ ತಿರುಗಿದರು. ಗಂಡ ಸತ್ತು ಆಶ್ರಮ ಸೇರಿದ್ದವಳು. ಅವಳು ಎದ್ದು ಹೋದಳು.

ಮರುದಿನ ಬೆಳಿಗ್ಗೆ ಗುರುಗಳು ಬಾಳೆಎಲೆಯಲ್ಲಿ ಅನ್ನ ಕಟ್ಟುತ್ತಿದ್ದರು. ಚಿದಂಬರ ಬಂದ.

"ಸಾತಮ್ಮ ಮೊದಲ ದೋಣಿಗೇ ಊರು ಬಿಟ್ಟಳಂತೆ ಗುರುಗಳೇ."

"ಯಾಕೆ?"

"ನಾನಂತೂ ಯಾರ ಹೆಸರೂ ಎತ್ತಿಲ್ಲ. ಅವಳಿಗೆ ಚುಚ್ಚಿತು ಅಂದ್ರೆ ಒಳಗೆ ಏನೋ ಇರಲೇಬೇಕಲ್ಲ. ಎಲ್ಲರೂ ಅದನ್ನೇ ಅಂತಿದ್ದಾರೆ."

"ಅನ್ನ ಯಾರಿಗೆ ಒಯ್ಯುತ್ತಿದ್ದಳು ಅಂತ ಅವಳನ್ನ ಕೇಳಿದ್ದೆಯಾ?"

"ಇಲ್ಲ."

"ಹೊಳೆಯ ಮಂಟಪದಲ್ಲಿ ರೋಗದ ಮುದುಕನೊಬ್ಬ ಬಿದ್ದಿದ್ದಾನೆ. ಹತ್ತಿರ ಹೋಗೋರಿಲ್ಲ. ತನ್ನ ಪಾಲಿನ ಅನ್ನ ಅವನಿಗೆ ಉಣಿಸುತ್ತಿದ್ದಳು. ಯಾರಿಗೂ ಹೇಳಬೇಡಿ ಅಂತ ನನ್ನಿಂದ ಮಾತು ತಗೊಂಡಿದ್ದಳು. ನಾನೂ ಬಾಯಿ ಮುಚ್ಚಿಕೊಂಡು ಕೂತೆ."

ಚಿದಂಬರನಿಗೆ ನಾಚಿಕೆಯಾಯಿತು. ತಲೆ ತಗ್ಗಿಸಿದ. ಆದರೂ ತಡೆಯಲಾಗಲಿಲ್ಲ. ದನಿ ಇಳಿಸಿ ಕೇಳಿದ.

"ಆ ಮುದುಕ ಅವಳಿಗೆ ಏನಾಗಬೇಕಂತೆ, ಗುರುಗಳೇ?"

ಗುರುಗಳು ಅನ್ನದ ಪೊಟ್ಟಣ ಹಿಡಿದು ಎದ್ದರು.

"ಹೋಗಿ ಪುಟ್ಟತಾಯಿಯ ಬಣ್ಣ ತೊಳೆದುಕೊಂಡು ಬಾ."

"ನಿನ್ನೆಯೇ ತೊಳೆದೆನಲ್ಲ."

ಗುರುಗಳು ಅವನ ಮುಖ ನೋಡಿದರು.

"ಹಾಗಾದರೆ ಇದು ನಿನ್ನದೇ ಮುಖ."