ಒಂದು ರಿಂಗ್ ಬಂದ ಮೇಲೆ ಊಟ

"ಗುರುಗಳೇ, ಪರದೇಶಕ್ಕೆ ಹೋಗುವವನು ಮೊಬೈಲಿಗೆ ಯಾವ ಪ್ಲಾನ್ ಹಾಕಿಸಿಕೊಳ್ಳಬೇಕು?"

ಕೇಳಿದವನು ಮರುಳಸಿದ್ಧ. ದಿನಾ ಮನೆಯಿಂದ ಬಂದು ಮಠದಲ್ಲಿ ಯೋಗ ಕಲಿಸುವ ಶಿಷ್ಯ. ಒಂದು ತಿಂಗಳು ಪಾಠ ಹೇಳಿಕೊಡಲು ಅವನಿಗೆ ಪೋಲೆಂಡಿನಿಂದ ಕರೆ ಬಂದಿತ್ತು. ಕೈಯಲ್ಲಿ ಒಂದು ಹಾಳೆ ಹಿಡಿದುಕೊಂಡಿದ್ದ. ಅದರಲ್ಲಿ ಊರಿನ ಅಂಗಡಿಗಳಲ್ಲೆಲ್ಲ ಕೇಳಿದ ಹನ್ನೊಂದು ಪ್ಲಾನ್‌ಗಳನ್ನು ಗೆರೆ ಎಳೆದು, ಮನೆ ಮಾಡಿ, ಬರೆದುಕೊಂಡಿದ್ದ. ಇವುಗಳಲ್ಲಿ ಸರಿಯಾದದ್ದು ಯಾವುದು ಎಂದು ಗೊತ್ತಾಗದೆ ವಿಮಾನ ಹತ್ತುವುದಿಲ್ಲ ಎಂದು ಹಟ ಹಿಡಿದಿದ್ದ.

ಗುರುಗಳು ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೂ ಓದಿದರು. "ಭಲೆ! ಪರೀಕ್ಷೆಗೂ ನೀನು ಇಷ್ಟು ಓದಿರಲಿಲ್ಲ. ಕೂತುಕೋ" ಎಂದರು. ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಊದುಬತ್ತಿ ವ್ಯಾಪಾರಿ ಇದ್ದ. ಅವನಿಗೆ ಒಬ್ಬಳೇ ಅಕ್ಕ. ತಾಯಿ ತೀರಿಕೊಂಡಾಗ ಅವನಿಗೆ ಆರು ವರ್ಷ, ಅವಳಿಗೆ ಹದಿನಾರು. ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅವಳೇ. ತನಗೆ ಮದುವೆ ಬೇಡ ಎಂದಳು. ಬೇಡ ಎಂದರೆ ಬೇಡವೇ. ಅವಳು ಒಂದು ಮಾತು ಆಡಿದಳೆಂದರೆ ಬ್ರಹ್ಮ ಬಂದರೂ ಅದನ್ನು ಬದಲಾಯಿಸಲು ಆಗುತ್ತಿರಲಿಲ್ಲ. ಮನೆಯಲ್ಲಿ ಅಕ್ಕ ತಮ್ಮ ಇಬ್ಬರೇ.

ತಮ್ಮ ವ್ಯಾಪಾರಕ್ಕೆಂದು ಊರೂರು ತಿರುಗುತ್ತಿದ್ದ. ಅದಕ್ಕೆ ಅಕ್ಕ ಒಂದು ಪದ್ಧತಿ ಮಾಡಿಟ್ಟಿದ್ದಳು. ಹೋದ ಊರು ಮುಟ್ಟಿದ ಕೂಡಲೇ ಅವನು ಅವಳ ಫೋನಿಗೆ ಒಂದು ರಿಂಗ್ ಕೊಡಬೇಕು. ಅವಳು ಎತ್ತುವುದಿಲ್ಲ. ಬರೀ ಮಿಸ್ಡ್ ಕಾಲ್. ರಿಂಗ್ ಬಂತು ಎಂದರೆ ತಮ್ಮ ಕ್ಷೇಮವಾಗಿ ಮುಟ್ಟಿದ ಎಂದು ಅರ್ಥ. ಅದಾದ ಮೇಲೆಯೇ ಅವಳು ಊಟಕ್ಕೆ ಕೂರುವಳು. ದಾವಣಗೆರೆಗೆ ಹೋದರೂ ಅಷ್ಟೆ, ಹೈದರಾಬಾದಿಗೆ ಹೋದರೂ ಅಷ್ಟೆ. ಹದಿನೆಂಟು ವರ್ಷದಲ್ಲಿ ಇದು ಒಂದು ಸಲವೂ ತಪ್ಪಿರಲಿಲ್ಲ. ಬಳಗದವರಿಗೆಲ್ಲ ಈ ರಿಂಗಿನ ವಿಷಯ ಗೊತ್ತಿತ್ತು. ಅಕ್ಕನನ್ನು ಇದೇ ಮಾತು ಹಿಡಿದು ಕಿಚಾಯಿಸುತ್ತಿದ್ದರು.

ಒಮ್ಮೆ ಊದುಬತ್ತಿಯ ಬಿದಿರು ಕಡ್ಡಿ ನೋಡಿಕೊಂಡು ಬರಲು ವ್ಯಾಪಾರಿ ವಿಯೆಟ್ನಾಂಗೆ ಹೊರಟ. ಹತ್ತು ದಿನದ ಪ್ರಯಾಣ. ಮೊಬೈಲಿಗೆ ಒಳ್ಳೆಯ ಪ್ಲಾನ್ ಬೇಕಲ್ಲ! ಹುಡುಕಿದ ನೋಡು, ಹೆಣ್ಣು ಹುಡುಕುವವರೂ ಅಷ್ಟು ಹುಡುಕಲಾರರು. ಊರಿನ ಮೊಬೈಲ್ ಅಂಗಡಿ ಒಂದನ್ನೂ ಬಿಡಲಿಲ್ಲ. ಒಂದರಲ್ಲಿ ವೇಗ ಸಾಲದು, ಒಂದರಲ್ಲಿ ದಿನ ಸಾಲದು, ಇನ್ನೊಂದರಲ್ಲಿ ಮಧ್ಯಾಹ್ನಕ್ಕೇ ಡೇಟಾ ಮುಗಿದು ಸಂಜೆಯವರೆಗೆ ಕೈ ಕಟ್ಟಿ ಕೂರಬೇಕು. ಹದಿನೈದು ದಿನ ತಲೆ ಕೆಡಿಸಿಕೊಂಡು ಕಡೆಗೂ ಒಂದನ್ನು ಆರಿಸಿದ. ನಗಬೇಡ ಮರುಳಸಿದ್ಧ, ನಿನ್ನ ಹಾಳೆ ಇನ್ನೂ ನನ್ನ ತೊಡೆಯ ಮೇಲೇ ಇದೆ.

ಒಳ್ಳೆಯ ಪ್ಲಾನೇ, ಸುಳ್ಳು ಹೇಳಬಾರದು. ಬಳಸಿದಷ್ಟೂ ಡೇಟಾ, ಒಳ್ಳೆಯ ವೇಗ. ಕಾಲ್ ಮಾತ್ರ ಇರಲಿಲ್ಲ. "ಕಾಲ್ ಈಗ ಯಾರಿಗೆ ಬೇಕು ಸಾರ್? ಎಲ್ಲರೂ ವಾಟ್ಸಾಪಿನಲ್ಲೇ ಇದ್ದಾರೆ. ಅಲ್ಲಿ ಇಳಿದ ತಕ್ಷಣ ಹಳೇ ಸಿಮ್ ತೆಗೆದು ಇದನ್ನು ಹಾಕಿಕೊಳ್ಳಿ" ಎಂದ ಅಂಗಡಿಯವನು. ವ್ಯಾಪಾರಿಗೂ ಹೌದೆನಿಸಿತು. ಅವನ ಬಳಗದ ಗ್ರೂಪಿನಲ್ಲಿ ನಲವತ್ತೆರಡು ಜನ ಇದ್ದರು. ಅಕ್ಕ ಇರಲಿಲ್ಲ. ಅವಳದು ಗುಂಡಿ ಒತ್ತುವ ಸಣ್ಣ ಫೋನು.

ಹೊರಡುವ ದಿನ ಅಕ್ಕ ಅವನ ಹಣೆಗೆ ವಿಭೂತಿ ಹಚ್ಚಿದಳು.

"ಯಾವಾಗ ಮುಟ್ಟುತ್ತೀಯೋ?"

"ನಾಳೆ ಬೆಳಿಗ್ಗೆ ಹತ್ತಕ್ಕೆಲ್ಲ ಮುಟ್ಟಿರುತ್ತೇನೆ ಅಕ್ಕ. ರಿಂಗ್ ಕೊಡುತ್ತೇನೆ, ಉಣ್ಣುವಿಯಂತೆ."

ಮರುದಿನ ಹೇಳಿದ ಹೊತ್ತಿಗೇ ಅವನು ಇಳಿದ. ಹೊಸ ಸಿಮ್ ಹಾಕಿಕೊಂಡ. ಕೈ ರೂಢಿಯಂತೆ ಅಕ್ಕನ ನಂಬರ್ ಒತ್ತಿತು. ಕಾಲ್ ಹೋಗಲಿಲ್ಲ. ಇನ್ನೊಮ್ಮೆ ಒತ್ತಿದ. ಆಗಲೂ ಹೋಗಲಿಲ್ಲ. ಹೊರಗೆ ಕಾರು ಕಾಯುತ್ತಿತ್ತು. 'ಸುಖವಾಗಿ ತಲುಪಿದೆ' ಎಂದು ಬರೆದು ಬಳಗದ ಗ್ರೂಪಿಗೆ ಒಂದು ಫೋಟೋ ಹಾಕಿದ. ನಲವತ್ತೆರಡು ಜನ ನೋಡುತ್ತಾರೆ, ಒಬ್ಬರಾದರೂ ಅಕ್ಕನಿಗೆ ಹೇಳದೆ ಇರುತ್ತಾರೆಯೇ ಎಂದುಕೊಂಡು ಕಾರು ಹತ್ತಿದ.

ಎಲ್ಲರೂ ನೋಡಿದರು. ಎಲ್ಲರೂ ಹೆಬ್ಬೆರಳು ಎತ್ತಿದರು. ಅಕ್ಕನಿಗೆ ರಿಂಗ್ ಹೋಗಿಯೇ ಇರುತ್ತದೆ, ನಾವೇನು ಹೇಳುವುದು ಎಂದು ಒಬ್ಬೊಬ್ಬರೂ ಸುಮ್ಮನಾದರು.

ಅಕ್ಕ ಒಂಬತ್ತಕ್ಕೇ ಅಡುಗೆ ಮುಗಿಸಿ ಫೋನು ಎದುರಿಗೆ ಇಟ್ಟುಕೊಂಡು ಕೂತಿದ್ದಳು. ಹತ್ತಾಯಿತು. ಹನ್ನೆರಡಾಯಿತು. ವಿಮಾನವಲ್ಲವೇ, ತಡವಾಗಿರಬಹುದು ಎಂದುಕೊಂಡಳು. ಸಂಜೆ ತಾನೇ ಅವನ ನಂಬರ್ ಒತ್ತಿದಳು. ಸ್ವಿಚ್ ಆಫ್ ಆಗಿದೆ ಎಂದಿತು.  ಬಳಗದವರಲ್ಲಿ ಯಾರನ್ನಾದರೂ ಕೇಳಬಹುದಿತ್ತು. ಆದರೆ ತಮ್ಮ ಮುಟ್ಟಿದನೇ ಎಂದು ಕೇಳಿದರೆ, ಮುಟ್ಟದೆಯೂ ಇರಬಹುದು ಎಂದು ತಾನೇ ಬಾಯಿ ಬಿಟ್ಟು ಅಂದಂತೆ ಆಗುತ್ತದೆ. ಬಿಡ್ತು ಬಿಡ್ತು, ಅಂಥ ಮಾತು ನನ್ನ ಬಾಯಲ್ಲಿ ಬರಬಾರದು ಎಂದುಕೊಂಡಳು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದಳು, ನೀರು ಕುಡಿದಳು. ಅನ್ನ ಮುಟ್ಟಲಿಲ್ಲ.

ಎರಡನೆಯ ದಿನವೂ ಅಡುಗೆ ಮಾಡಿದಳು. ಮುಚ್ಚಿಟ್ಟಳು. ಸಂಜೆ ಅದನ್ನು ತೆಗೆದುಕೊಂಡು ಹೋಗಿ ಹಸುವಿಗೆ ಹಾಕಿದಳು. ಅವನು ಎಲ್ಲಿ ಹಸಿದುಕೊಂಡಿದ್ದಾನೋ, ನಾನು ಹೇಗೆ ಉಣ್ಣಲಿ ಎಂದು ಅತ್ತಳು. ಅತ್ತು ಮುಖ ತೊಳೆದು ಮತ್ತೆ ಫೋನಿನ ಮುಂದೆ ಕೂತಳು. ಆ ಹೊತ್ತಿಗೆ ಕೈಕಾಲು ನಡುಗುತ್ತಿದ್ದವು. ಅತ್ತ ಅವಳ ತಮ್ಮ ತಾನು ತಿಂದದ್ದನ್ನೆಲ್ಲ ಫೋಟೋ ತೆಗೆದು ಗ್ರೂಪಿಗೆ ಹಾಕುತ್ತಿದ್ದ.

ಮೂರನೆಯ ದಿನ ಅಕ್ಕ ಸೆರಗು ಬಿಗಿದು ಎದ್ದಳು. ಗೋಡೆ ಹಿಡಿದುಕೊಂಡು ನಡೆದಳು. ದಾರಿಯಲ್ಲಿ ಎರಡು ಕಡೆ ಕೂತು ಸುಧಾರಿಸಿಕೊಂಡಳು. ಆ ಮೊಬೈಲ್ ಅಂಗಡಿಯ ಮುಂದೆ ಹೋಗಿ ನಿಂತಳು.

"ನನ್ನ ತಮ್ಮನಿಗೆ ಸಿಮ್ ಕೊಟ್ಟು ಕಳಿಸಿದವನು ನೀನಲ್ಲವೇ? ಅವನನ್ನು ತೋರಿಸು. ತೋರಿಸುವ ತನಕ ನಾನು ಇಲ್ಲಿಂದ ಕದಲುವುದಿಲ್ಲ."

ಅಂಗಡಿಯವನು ಗಾಬರಿಯಾಗಿ ತನ್ನ ಫೋನಿನಿಂದ ವ್ಯಾಪಾರಿಗೆ ವಾಟ್ಸಾಪಿನಲ್ಲಿ ವಿಡಿಯೋ ಕಾಲ್ ಮಾಡಿದ. ಅರೆಗಳಿಗೆಯಲ್ಲಿ ತಮ್ಮನ ಮುಖ ಬಂತು. ಅವನ ಮುಂದೆ ತಟ್ಟೆ ಇತ್ತು. ಅಕ್ಕ ಅವನನ್ನು ಕಣ್ತುಂಬ ನೋಡಿದಳು. ಎಲ್ಲಿದ್ದೆ ಎಂದು ಬೈಯಲಿಲ್ಲ. ರಿಂಗ್ ಏಕೆ ಕೊಡಲಿಲ್ಲ ಎಂದು ಕೇಳಲಿಲ್ಲ.

"ಊಟ ಆಯಿತೇನಪ್ಪಾ?"

"ಈಗ ಆಗುತ್ತಿದೆ ಅಕ್ಕ. ನಿಂದು?"

"ಆಯಿತು" ಎಂದಳು ಅಕ್ಕ. ಹಾಗೆಂದವಳೇ ಅಂಗಡಿಯ ಮೆಟ್ಟಿಲ ಮೇಲೆ ಕುಸಿದಳು.

ಫೋನು ಅಂಗಡಿಯವನ ಕೈಯಲ್ಲೇ ಇತ್ತು. ಅವನು ಅದನ್ನು ಗಲ್ಲಾಕ್ಕೆ ಒರಗಿಸಿಟ್ಟು ಓಡಿದ. ಪ್ಲಾನ್ ಕೈಕೊಡಲಿಲ್ಲ ಮರುಳಸಿದ್ಧ. ಚಿತ್ರ ಒಂದು ಗಳಿಗೆಯೂ ನಿಲ್ಲಲಿಲ್ಲ, ದನಿ ಕಡಿಯಲಿಲ್ಲ. ಅಷ್ಟು ದೂರದಲ್ಲಿ ತಟ್ಟೆಯ ಮುಂದೆ ಕೂತು ವ್ಯಾಪಾರಿ ಎಲ್ಲವನ್ನೂ ಸ್ಪಷ್ಟವಾಗಿ ನೋಡಿದ. ಅಂಗಡಿಯವನು ಅಕ್ಕನ ಬಾಯಿಗೆ ಸಕ್ಕರೆ ನೀರು ಹಿಡಿದದ್ದನ್ನು ನೋಡಿದ. "ಊಟ ಮಾಡಿ ಎಷ್ಟು ದಿನವಾಯಿತಮ್ಮಾ?" ಎಂದು ಅವನು ಕೇಳಿದ್ದನ್ನು ಕೇಳಿಸಿಕೊಂಡ. ಅಕ್ಕ ಮೂರು ಬೆರಳು ಎತ್ತಿದ್ದನ್ನೂ ನೋಡಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. 

"ಅಕ್ಕ ಉಳಿದಳೇ ಗುರುಗಳೇ?"

"ಉಳಿದಳು. ನಾಲ್ಕು ದಿನ ಆಸ್ಪತ್ರೆಯಲ್ಲಿ ಇದ್ದಳು. ವ್ಯಾಪಾರಿ ಕಡ್ಡಿಯ ವ್ಯವಹಾರ ಅಲ್ಲಿಗೇ ಬಿಟ್ಟು ಸಿಕ್ಕ ವಿಮಾನ ಹತ್ತಿ ಬಂದ."

 ಮರುಳಸಿದ್ಧ ನೆಟ್ಟಗೆ ಕೂತ. ಹಿಡಿದದ್ದನ್ನು ಬಿಡುವವನಲ್ಲ ಅವನು.

"ಹಾಗಾದರೆ ಕಾಲ್ ಇರುವ ಪ್ಲಾನೇ ಆಗಬೇಕು. ಈ ಹನ್ನೊಂದರಲ್ಲಿ ಅಂಥವು ನಾಲ್ಕು ಇವೆ. ಆ ನಾಲ್ಕರಲ್ಲಿ ಯಾವುದು ಗುರುಗಳೇ?"

ಗುರುಗಳು ಹಾಳೆಯನ್ನು ಮಡಿಸಿ ಅವನ ಕೈಯಲ್ಲಿ ಇಟ್ಟರು.

"ಊರಿನ ಅಂಗಡಿಯವರನ್ನೆಲ್ಲ ಕೇಳಿದೆ, ಈಗ ನನ್ನನ್ನೂ ಕೇಳಿದೆ; ನೀನು ಮುಟ್ಟುವುದನ್ನೇ ಕಾದು ಕೂರುವವರು ನಿನ್ನ ಮನೆಯಲ್ಲಿ ಇದ್ದಾರಲ್ಲ, ಅವರನ್ನು ಕೇಳಿದೆಯಾ?"