ಬೆನ್ನ ಹಿಂದೆ ನಿಂತವಳು

ಹೊಳೆದಂಡೆಯ ಆಶ್ರಮಕ್ಕೆ ಒಂದು ಕಾಲೇಜಿತ್ತು. ಕಾಲೇಜಿನಲ್ಲಿ ಒಂದು ಕಂಪ್ಯೂಟರ್ ಕೋಣೆಯಿತ್ತು. ಪತ್ರ, ಆಮಂತ್ರಣ, ವರದಿಗಳನ್ನು ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿ ಸಿದ್ಧಪಡಿಸುವುದನ್ನು ಅಲ್ಲಿ ಕಲಿಸುತ್ತಿದ್ದವಳು ಪ್ರಮೀಳಾ.

ಅವಳಿಗೆ ಆ ವಿದ್ಯೆ ಕಲಿಸಿದವರು ಚನ್ನವೀರ ಗುರುಗಳು. ಟೈಪ್‌ರೈಟರ್ ಕಾಲದಿಂದಲೂ ಕಲಿಸಿದವರು. ಈಗ ಪಾಠ ಬಿಟ್ಟು ಹೊಳೆಯ ಮೆಟ್ಟಿಲ ಮೇಲೆ ಸುಮ್ಮನೆ ಕೂತಿರುತ್ತಿದ್ದರು. ಸುಮ್ಮನೆ ಕೂರಲು ಜನ ಬಿಡುತ್ತಿರಲಿಲ್ಲ, ಅದು ಬೇರೆ ಮಾತು.

ಆ ಮಧ್ಯಾಹ್ನ ಪ್ರಮೀಳಾ ಓಡುತ್ತಲೇ ಬಂದಳು. ಕೈಯಲ್ಲಿ ಎರಡು ಹಾಳೆ. ಊಟ ಮಾಡಿರಲಿಲ್ಲ.

“ಗುರುಗಳ, ಸಂಜೀ ಒಳಗ ಪರೀಕ್ಷಿ ಮಾರ್ಕ್ಸ್ ಕಳಸಬೇಕ್ರಿ. ನನಗ ಕೈನ ಓಡವಲ್ದು.”

“ಕೂಡು. ಯಾರ ಮಾರ್ಕ್ಸು?”

“ನೀಲಾಂದು. ಈ ವಿಷಯದಾಗ ಹಿಂದ ಎರಡು ಸಲ ಫೇಲ್ ಆಗ್ಯಾಳ್ರಿ. ಇದ ಕಡೀ ಅವಕಾಶ. ಈಗೂ ಹೋತಂದ್ರ ಆಕಿಗೆ ಡಿಗ್ರೀನ ಇಲ್ಲ. ಈ ಹಾಳಿ ನೋಡ್ರಿ, ಅರ್ಧಕ್ಕ ನಿಂತೈತಿ. ಪಾಸ್ ಮಾಡಿದ್ರ ಸುಳ್ಳು ಹೇಳಿದಂಗ. ಫೇಲ್ ಮಾಡಿದ್ರ…”



ಗುರುಗಳು ಇನ್ನೊಂದು ಹಾಳೆ ನೋಡಿದರು. ಕಣ್ಣಿಗೊತ್ತಿಕೊಳ್ಳುವ ಹಾಗಿತ್ತು. ತಲೆಬರಹ ನಟ್ಟನಡುವೆ, ತಾರೀಖು ಬಲತುದಿಗೆ, ಸಹಿಯ ಜಾಗ ಕೆಳಗೆ.

“ಇದು ಯಾರದು?”

“ಸಂಗಮೇಶಂದ್ರಿ. ಎಲ್ಲಾರಕಿಂತ ಹೆಚ್ಚು ಅವಗ ಕೊಟ್ಟೀನಿ. ಅದರದೇನು ಚಿಂತಿ ಇಲ್ಲ.”

“ಅವರು ಬರಿಯುವಾಗ ನೀ ಎಲ್ಲಿದ್ದಿ?”

“ನೀಲಾನ ಹಿಂದನ ನಿಂತಿದ್ದೆ. ಎಲ್ಲೆ ತಪ್ಪತಾಳೋ ಅಂತ ನನಗ ಜೀವ ಹೋಗಾಕತ್ತಿತ್ರಿ.”

ಗುರುಗಳು ಎದ್ದರು.

“ಇಬ್ಬರಿಗೂ ಅದ ಪತ್ರ ಮತ್ತೊಮ್ಮೆ ಕೊಡು. ಕೊಟ್ಟು ಹೊರಗ ಬಾ.”

ಇಬ್ಬರನ್ನೂ ಒಳಗೆ ಕೂರಿಸಿಯಾದ ಮೇಲೆ, ಕಂಪ್ಯೂಟರ್ ಕೋಣೆಯ ಹೊರಗಿನ ಕಟ್ಟೆಯ ಮೇಲೆ, ಬಾಗಿಲಿಗೆ ಬೆನ್ನು ಮಾಡಿ ಗುರುಗಳು ಕೂತರು. ಪಕ್ಕದಲ್ಲಿ ಪ್ರಮೀಳಾ ಕೂತಳು. ಕೂತಳು ಅನ್ನುವುದು ಹೆಸರಿಗೆ. ಅವಳ ಅರ್ಧ ಜೀವ ಒಳಗೇ ಇತ್ತು.

“ನೋಡದ ಹೆಂಗ ತಿಳೀತೈತ್ರಿ?”

“ಕಿವಿಗೊಟ್ಟು ಕೇಳು.”

ಒಳಗಿನಿಂದ ಟಕಟಕ ಸದ್ದು ಬಂತು. ಅದರ ನಡುವೆ ಒಂದು ದಪ್ಪ ಸದ್ದು ಒಂದೇ ಸಮನೆ ಶುರುವಾಯಿತು. ದಪ್ ದಪ್ ದಪ್ ದಪ್. ನಿಲ್ಲುವ ಹಾಗೇ ಕಾಣಲಿಲ್ಲ.

“ಅದೇನದು?” ಗುರುಗಳು ಕೇಳಿದರು.

“ಸ್ಪೇಸ್ ಬಾರ್ ರೀ. ಸಂಗಮೇಶನ ಕಡೆಯಿಂದ ಬರಾಕತ್ತೈತಿ.”

“ಯಾಕ ಅಷ್ಟು ಬಡೀತಾನ?”

ಪ್ರಮೀಳೆಯ ಮುಖ ಸಣ್ಣದಾಯಿತು.

“ಖಾಲಿ ಜಾಗ ಬಿಟ್ಟು ಬಿಟ್ಟು ತಲೆಬರಹ ನಡುವಕ್ಕ ತಳ್ಳಾಕತ್ತಾನ್ರಿ. ನಾ ಹಂಗ ಕಲಿಸಿಲ್ಲ. ಒಂದು ಬಟನ್ ಒತ್ತಿದ್ರ ತಾನ ನಡುವಕ್ಕ ಬರ್ತೈತಿ.”

“ಹಾಳೀ ಮ್ಯಾಲೆ ಗೊತ್ತಾಗಲಿಲ್ಲೇನು?”

“ಹಾಳೀ ಮ್ಯಾಲೆ ಎರಡೂ ಒಂದ ಕಾಣತಾವ್ರಿ.”

ಅಷ್ಟರಲ್ಲಿ ನೀಲಾಳ ಕಡೆಯ ಸದ್ದು ನಿಂತಿತು. ಪ್ರಮೀಳಾ ತಟ್ಟನೆ ಎದ್ದಳು.

“ಕೂಡು.”

“ಆಕಿ ನಿಂತ್ಲು, ಗುರುಗಳ!”

“ನಿಂದರಲಿ.”

ಅವಳು ಕೂತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಒಮ್ಮೆ ಇಣುಕಿ ನೋಡಿ ಬಂದುಬಿಡಲೇ? ಒಂದು ಮಾತು ಹೇಳಿ ಬರಲೇ? ಗುರುಗಳು ಹೊಳೆಯನ್ನೇ ನೋಡುತ್ತಿದ್ದರು. ಅವರ ಮೇಲೆ ಅವಳಿಗೆ ಸಿಟ್ಟೇ ಬಂತು.

ನೀಲಾಳ ಕಡೆ ಸಣ್ಣಗೆ ಟಕ್ ಅಂದಿತು. ಮತ್ತೆ ಮೌನ. ಮತ್ತೆ ಎರಡು ಸಲ ಟಕ್ ಟಕ್. ಆಮೇಲೆ ನಿಲ್ಲದೆ ನಡೆಯಿತು.

ಇಬ್ಬರೂ ಮುಗಿಸಿದ ಮೇಲೆ ಗುರುಗಳು ಒಳಗೆ ಹೋದರು. ಎರಡು ಪರದೆಯ ಮೇಲೂ ಪೂರ್ತಿ ಪುಟ. ಎರಡೂ ಒಂದೇ ಥರ.

“ನನ್ನಂಥ ಮುದುಕರೂ ಓದಬೇಕು. ಅಕ್ಷರ ಒಂದೀಟು ದೊಡ್ಡವು ಮಾಡ್ರಿ,” ಅಂದರು.

ಸಂಗಮೇಶ ದೊಡ್ಡದು ಮಾಡಿದ. ಬಿಟ್ಟ ಖಾಲಿ ಜಾಗವೂ ಹಿಗ್ಗಿ, ತಲೆಬರಹ ಬಲಕ್ಕೆ ಸರಿದು ಮುರಿದು ಬಿತ್ತು. ತಾರೀಖಿನ ಅರ್ಧ ಮೇಲೆ, ಅರ್ಧ ಕೆಳಗಿನ ಸಾಲಿಗೆ. ಹುಡುಗ ಪ್ರಮೀಳೆಯ ಕಡೆ ತಿರುಗಿದ.

“ಮೇಡಂ, ಪ್ರಿಂಟಿನಾಗ ಛಲೋ ಬಂದಿತ್ರಿ. ಪ್ರಿಂಟ್ ನೋಡೇ ಮಾರ್ಕ್ಸ್ ಅಂತ ನೀವ ಹೇಳಿದ್ರಲ್ರಿ.”

ದೂರುವ ದನಿಯಲ್ಲ ಅದು. ಆದರೂ ಪ್ರಮೀಳೆಗೆ ಎಲ್ಲಿ ತಾಕಬೇಕೋ ಅಲ್ಲೇ ತಾಕಿತು.

ನೀಲಾ ದೊಡ್ಡದು ಮಾಡಿದಳು. ತಲೆಬರಹ ನಡುವೆಯೇ ಇತ್ತು. ತಾರೀಖು ಬಲತುದಿ ಬಿಟ್ಟು ಕದಲಲಿಲ್ಲ.

“ನೀಲಾ, ಇಷ್ಟು ಬರೂದಾದ್ರ ಪರೀಕ್ಷಿಯೊಳಗ ಯಾಕ ಅರ್ಧಕ್ಕ ಬಿಟ್ಟಿ?” ಪ್ರಮೀಳಾ ಕೇಳಿದಳು.

ನೀಲಾ ತಲೆ ತಗ್ಗಿಸಿದಳು.

“ನೀವು ಹಿಂದ ನಿಂತ್ರ ಕೈ ತಣ್ಣಗ ಆಕ್ಕಾವ್ರಿ ಮೇಡಂ. ಹಿಂದಿನ ಎರಡು ಸಲಾನೂ ಹಂಗ ಆತ್ರಿ.”

ಹುಡುಗಿ ದಾರಿ ತಪ್ಪದಿರಲೆಂದು ಕಾವಲು ನಿಂತೆ ಅಂದುಕೊಂಡಿದ್ದಳು ಪ್ರಮೀಳಾ. ನಾಚಿಕೆಯಾಯಿತು, ಕಣ್ಣು ತುಂಬಿ ಬಂತು.

ಹುಡುಗರನ್ನು ಕಳಿಸಿ ಅವಳು ಮೇಜಿಗೆ ಕೂತಳು. ನೀಲಾಳಿಗೆ ಪಾಸಿನ ಅಂಕ ಬರೆದಳು. ಅದಕ್ಕೆ ಕೈ ತಡೆಯಲಿಲ್ಲ. ಆಮೇಲೆ ಪೆನ್ನು ನಿಂತಿತು.

“ಗುರುಗಳ, ಸಂಗಮೇಶಂದು ಏನ್ ಮಾಡ್ಲಿ? ಅವ ಕಲೀಲಿಲ್ಲಂತ ಕಡಿಮಿ ಮಾಡ್ಲೋ? ನಾ ಸರಿಯಾಗಿ ನೋಡ್ಲಿಲ್ಲಂತ ಹಂಗ ಬಿಡ್ಲೋ?”

ಗುರುಗಳು ಬಂದು ಅವಳ ಕುರ್ಚಿಯ ಹಿಂದೆ ನಿಂತರು.

ಪ್ರಮೀಳಾ ಒಂದು ಅಂಕಿ ಬರೆದಳು, ಹೊಡೆದು ಹಾಕಿದಳು. ಇನ್ನೊಂದು ಬರೆಯಹೋದಳು. ಅದನ್ನೂ ಅರ್ಧಕ್ಕೆ ಬಿಟ್ಟಳು. ಗುರುಗಳ ಉಸಿರು ಕೇಳಿಸುತ್ತಿತ್ತು.

“ಗುರುಗಳ, ತಪ್ಪು ತಿಳಕೋಬ್ಯಾಡ್ರಿ. ನೀವು ಸ್ವಲ್ಪ ಆಚೆ ನಿಂದರ್ರಿ. ಹಿಂಗ ನಿಂತ್ರ ನನಗ ಬರಿಯಾಕ ಆಗವಲ್ದು.”

ಅಂದವಳು ತಾನೇ ಬೆಚ್ಚಿ ತಿರುಗಿ ನೋಡಿದಳು.

ಗುರುಗಳು ಆಗಲೇ ಬಾಗಿಲು ದಾಟಿದ್ದರು. ಹೊರಗಿನಿಂದ ಅವರ ದನಿ ಬಂತು.

“ಈಗ ಬರಿ. ಎಷ್ಟು ಕೊಟ್ಟಿ ಅಂತ ನಾ ಕೇಳೂದಿಲ್ಲ.”